ಕತ್ತರಿ ಕೊನೆಗೆ, ಸೀಮೆಎಣ್ಣೆ ಬೇಡವೇ ಬೇಡ

1/10

ಕಳೆದ ವಾರ ನಿಮ್ಮಲ್ಲಿ ಐದಾರು ಜನ ನನಗೆ ಒಂದೇ ರೀಲ್ ಕಳಿಸಿದ್ರಿ. ಮೂರು ವರ್ಷ ಇರಬಹುದಾದ ಮಗು. ಕೂದಲಿಗೆ ಬಬಲ್‌ಗಮ್ ಮೆತ್ತಿಕೊಂಡಿದೆ. ಮಗು ಬಿಕ್ಕಿ ಬಿಕ್ಕಿ ಅಳ್ತಿದೆ, ಫೋನ್ ಹಿಡಿದವರು ನಗ್ತಿದ್ದಾರೆ, ಪಕ್ಕದಲ್ಲಿ ಇನ್ಯಾರೋ ಕತ್ತರಿ ಹಿಡ್ಕೊಂಡು ಬರ್ತಿದ್ದಾರೆ. ಕೆಳಗೆ ನಗೋ ಎಮೋಜಿಗಳ ಸಾಲು. "ನಮ್ಮನೆ ಪುಟ್ಟಿನೂ ಸೇಮ್" ಅಂತ ಒಬ್ಬರು. "ನಮ್ಮಜ್ಜಿ ಆಗಿದ್ರೆ ಸೀಮೆಎಣ್ಣೆ ಹಾಕಿ ತಿಕ್ಕಿಬಿಡ್ತಿದ್ರು" ಅಂತ ಇನ್ನೊಬ್ಬರು.

ನನಗೆ ನಗು ಬರ್ಲಿಲ್ಲ. ಬೋರಿಂಗ್ ಅಂದ್ಕೊಂಡ್ರೂ ಪರವಾಗಿಲ್ಲ, ಈ ಭಾನುವಾರದ ಸರಣಿ ಇದರ ಮೇಲೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ. ಮಗುವಿನ ಕೂದಲಿಗೆ ಏನೇ ಅಂಟಿದ್ರೂ ಕತ್ತರಿ ಕೊನೆಗೆ. ಸೀಮೆಎಣ್ಣೆ ಯಾವತ್ತೂ ಬೇಡ. ಫೋನು ಜೇಬಲ್ಲೇ ಇರಲಿ. ಬೇಕಾಗಿರೋದು ಒಂದು ಬಟ್ಟಲು ಕೊಬ್ಬರಿ ಎಣ್ಣೆ, ಒಂದು ಹಳೇ ಬಟ್ಟೆ ಮತ್ತು ಅರ್ಧ ಗಂಟೆ ಪುರುಸೊತ್ತು. ಮೂರನೇದೇ ನಮ್ಮ ಮನೆಗಳಲ್ಲಿ ಸಿಗದೇ ಇರೋದು.

"ನಮಗ್ಯಾಕಮ್ಮ ಇದೆಲ್ಲ, ನಮಗೇನು ಮಕ್ಕಳಿದ್ದಾವಾ" ಅಂತ ಕೇಳ್ತೀರಿ. ರಜೆಗೆ ಊರಿಗೆ ಹೋದಾಗ ನೋಡ್ಕೊಳ್ಳಿ. ದೊಡ್ಡೋರು ತೋಟಕ್ಕೋ ಮದುವೆಗೋ ಹೊರಟರೆ ಚಿಕ್ಕಪ್ಪನ ಮಕ್ಕಳು, ಅತ್ತೆ ಮಕ್ಕಳು, ಅಕ್ಕನ ಪುಟಾಣಿ ಎಲ್ಲಾ ಯಾರ ಪಾಲಿಗೆ? "ಕಾಲೇಜ್ ಓದ್ತಾಳಲ್ಲ, ನೋಡ್ಕೋತಾಳೆ." ಅಂಟಿಸ್ಕೊಳ್ಳೋದೂ ಸರಿಯಾಗಿ ಆವಾಗ್ಲೇ.

2/10

ನಮ್ಮ ಮಲೆನಾಡಿನ ಕಡೆ ಈ ವಿಷಯದ ನಿಜವಾದ ರಾಜ ಬಬಲ್‌ಗಮ್ ಅಲ್ಲ, ಹಲಸಿನ ಮೇಣ. ಬಯಲುಸೀಮೆ ಗೆಳೆಯರಿಗೆ ಗೊತ್ತಾಗಲಿ ಅಂತ ಹೇಳ್ತೀನಿ: ಹಲಸಿನಕಾಯಿ ಕೊಯ್ದ ತಕ್ಷಣ ಬೆಳ್ಳಗೆ ಹಾಲಿನ ಹಾಗೆ ಸೋನೆ ಇಳಿಯತ್ತೆ. ಗಾಳಿಗೆ ಬಿಟ್ಟರೆ ಸ್ವಲ್ಪ ಹೊತ್ತಲ್ಲೇ ಅದು ಎಳೆ ಎಳೆಯಾಗಿ, ಬಿಡಿಸಿದಷ್ಟೂ ಬಿಡದ ಅಂಟಾಗತ್ತೆ. ಕೈಗೆ ಅಂಟಿದ್ರೆ ಕೈ, ಬಟ್ಟೆಗೆ ಅಂಟಿದ್ರೆ ಬಟ್ಟೆ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ನಮ್ಮಲ್ಲಿ ಹಲಸು ಬಿಡಿಸೋಕೆ ಕೂರೋ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರ್ಕೋತಾರೆ.

ಮೇ ತಿಂಗಳಲ್ಲಿ ಹಪ್ಪಳದ ಕೆಲಸ. ಮೆಟ್ಟುಗತ್ತಿ ಮೇಲೆ ದೊಡ್ಡಮ್ಮ, ಸುತ್ತ ಸೊಳೆ ಬಿಡಿಸೋ ಹೆಂಗಸರು, ನಡುವೆ ಮಕ್ಕಳು. ನಮ್ಮ ಚಿಕ್ಕಮ್ಮನ ಮಗಳಿಗೆ ಆಗ ಆರು ವರ್ಷ. ಸೊಂಟದವರೆಗೆ ಕೂದಲು, ಅದರ ಮೇಲೆ ಅವಳಿಗೆ ಪ್ರಾಣ. ಗೂಂಜಿನ ರಾಶಿ ಪಕ್ಕ ಉರುಳಾಡಿ ಎದ್ದಾಗ ಜಡೆಯ ಅರ್ಧಕ್ಕೆ ಮೇಣ. ಅವಳೇ ಬಿಡಿಸೋಕೆ ಹೋಗಿ ಎರಡೂ ಕೈ ಕೂದಲಿಗೆ ಅಂಟಿಸ್ಕೊಂಡು ನಿಂತಿದ್ಲು. ಹಾಗೇ ಅಳೋಕೆ ಶುರು.

ಅವಾಗ ಏನೇನು ಕೇಳಿಸ್ತು ಗೊತ್ತಾ? "ಅಲ್ಲಿ ಹೋಗ್ಬೇಡ ಅಂದಿದ್ನಾ ಇಲ್ವಾ." "ಜಡೆ ಮೇಲೆ ಕಟ್ಟು ಅಂತ ಬೆಳಿಗ್ಗೆನೇ ಬಡ್ಕೊಂಡೆ." "ಕತ್ತರಿಸಿ ಬಿಸಾಕಿ, ಮತ್ತೆ ಬೆಳೆಯತ್ತೆ." "ಚಿಮಣಿ ಎಣ್ಣೆ ಎಲ್ಲಿದೆ?" ಮಗು ಏನು ಕೇಳ್ತಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ. ಅವಳು ಹೇಳ್ತಿದ್ದದ್ದು ಒಂದೇ, "ಕತ್ತರಿಸ್ಬೇಡಿ." ಅಂಟಿದ್ದಕ್ಕಲ್ಲ ಅವಳು ಅಳ್ತಿದ್ದಿದ್ದು. ಕತ್ತರಿ ಅನ್ನೋ ಪದ ಕೇಳಿ.

3/10

ದೊಡ್ಡಮ್ಮ ಮೆಟ್ಟುಗತ್ತಿಯಿಂದ ಎದ್ದು, "ಬಾ ಮಗಾ, ಕತ್ತರಿ ಇಲ್ಲ, ಎಣ್ಣೆ ಅಷ್ಟೇ" ಅಂದ್ರು. ಅಳು ಅಲ್ಲೇ ಅರ್ಧ ನಿಂತಿತು. ಅವರು ಮಾಡಿದ್ದನ್ನ ಪಕ್ಕದಲ್ಲಿ ಕೂತು ನೋಡಿದ್ದೀನಿ, ಆಮೇಲೆ ಎರಡು ಮೂರು ಸಲ ನಾನೇ ಮಾಡಿದ್ದೀನಿ. ಸ್ವಲ್ಪ ಉದ್ದ ಆದ್ರೂ ಪೂರ್ತಿ ಓದಿ.

ಮೊದಲು ಬೆಳಕಿರೋ ಕಡೆ, ಜಗಲಿ ಮೇಲೆ, ಮಗುವನ್ನ ಕೂರಿಸಿದ್ರು. ಕೈಯಲ್ಲಿ ಏನಾದ್ರೂ ಕೊಟ್ರು, ಆಟಕ್ಕೆ. ಅಂಟಿರೋ ಕೂದಲನ್ನ ಒಂದು ಕಡೆ, ಚೆನ್ನಾಗಿರೋದನ್ನ ಇನ್ನೊಂದು ಕಡೆ ಮಾಡಿ, ಚೆನ್ನಾಗಿರೋದಕ್ಕೆ ರಬ್ಬರ್‌ಬ್ಯಾಂಡ್ ಹಾಕಿದ್ರು. ಇದನ್ನ ಮಾಡದೇ ಹೋದ್ರೆ ಎರಡು ಎಳೆಗಿದ್ದ ಮೇಣ ಇಪ್ಪತ್ತು ಎಳೆಗೆ ಹರಡತ್ತೆ. ಆಮೇಲೆ ಕೊಬ್ಬರಿ ಎಣ್ಣೆ, ಧಾರಾಳವಾಗಿ, ಮೇಣದ ಮೇಲೂ ಅದರ ಮೇಲೆ ಕೆಳಗಿರೋ ಕೂದಲಿಗೂ. ಹಚ್ಚಿ ಹಾಗೇ ಬಿಟ್ಟರು. ಹತ್ತು ಹದಿನೈದು ನಿಮಿಷ. ಈ ಹದಿನೈದು ನಿಮಿಷ ತಡ್ಕೊಳ್ಳೋಕೆ ಆಗದವರೇ ಕತ್ತರಿ ತಗೊಳ್ಳೋದು.

ಆಮೇಲಿನದೇ ಮುಖ್ಯ. ಎಡಗೈ ಎರಡು ಬೆರಳಲ್ಲಿ ಕೂದಲನ್ನ ಮೇಣಕ್ಕಿಂತ ಮೇಲೆ, ಅಂದ್ರೆ ತಲೆ ಕಡೆಗೆ, ಬಿಗಿಯಾಗಿ ಹಿಡ್ಕೊಂಡ್ರು. ಹೀಗೆ ಹಿಡಿದರೆ ಎಳೆದಿದ್ದು ಬೆರಳಿಗೆ ಬೀಳತ್ತೆ, ಬುಡಕ್ಕೆ ಹೋಗಲ್ಲ, ಮಗುವಿಗೆ ನೋಯಲ್ಲ. ಬಲಗೈಯಲ್ಲಿ ಹಳೇ ಹತ್ತಿ ಪಂಚೆಯ ತುಂಡು. ಬುಡದ ಕಡೆಯಿಂದ ತುದಿಗೆ, ನಾಲ್ಕೈದು ಎಳೆ ಒಂದು ಸಲಕ್ಕೆ, ಹಿಂಡಿದ ಹಾಗೆ ಒರೆಸೋದು. ಎಣ್ಣೆ ಕುಡಿದ ಮೇಣ ಸಣ್ಣ ಸಣ್ಣ ಉಂಡೆಯಾಗಿ ಬಟ್ಟೆಗೆ ಬರತ್ತೆ. ಬಟ್ಟೆಯ ಜಾಗ ಬದಲಿಸಿ ಮತ್ತೆ. ಎಣ್ಣೆ ಒಣಗಿದ ಹಾಗಾದ್ರೆ ಮತ್ತೆ ಎಣ್ಣೆ. ಬಾಚಣಿಗೆ ಮುಟ್ಟಿದ್ದು ಎಲ್ಲಾ ಮುಗಿದ ಮೇಲೆ, ಅದೂ ಅಗಲ ಹಲ್ಲಿನದು, ತುದಿಯಿಂದ ಶುರು ಮಾಡಿ ಮೇಲಕ್ಕೆ ಬರ್ತಾ.

ನಲವತ್ತು ನಿಮಿಷ ಹಿಡೀತು. ಹಪ್ಪಳದ ಕೆಲಸ ನಲವತ್ತು ನಿಮಿಷ ತಡ ಆಯ್ತು. ಅಷ್ಟೇ ನಷ್ಟ.

4/10

ಇದು ದೊಡ್ಡಮ್ಮನ ಕೈಗುಣ ಅಲ್ಲ, ಕೆಮಿಸ್ಟ್ರಿ. (ಕ್ಲಾಸಿನವರು ಸ್ಕಿಪ್ ಮಾಡ್ಬೇಡಿ, ಇಂಟರ್ನಲ್ಸ್‌ಗಿಂತ ಸುಲಭ ಇದೆ.)

ಹಲಸಿನ ಮೇಣದಲ್ಲಿ ಇರೋದು ರಬ್ಬರಿನ ಜಾತಿಯ ವಸ್ತು ಮತ್ತು ರಾಳ. ಇವು ನೀರಿಗೆ ಕರಗಲ್ಲ, ನೀರನ್ನ ಹತ್ತಿರಕ್ಕೂ ಬಿಟ್ಕೊಳ್ಳಲ್ಲ. ಎಣ್ಣೆಯ ಜೊತೆ ಮಾತ್ರ ಬೆರೀತವೆ. ಬಬಲ್‌ಗಮ್ ಕೂಡ ಹೀಗೇ. ಅದರಲ್ಲಿರೋ ಸಕ್ಕರೆ, ಬಣ್ಣ, ಪರಿಮಳ ಎಲ್ಲಾ ಎಂಜಲಿಗೆ ಕರಗಿ ಹೋಗತ್ತೆ, ಉಳಿಯೋದು ರಬ್ಬರ್ ಥರದ ಗಮ್ ಬೇಸ್. ಬಾಯಲ್ಲಿ ಒಂದು ಗಂಟೆ ಅಗಿದರೂ ಕರಗದೇ ಇದ್ದದ್ದು ಬಚ್ಚಲಲ್ಲಿ ಎರಡು ಚೊಂಬು ನೀರಿಗೆ ಕರಗತ್ತಾ? ಬಿಸಿನೀರು ಹಾಕಿದ್ರಂತೂ ಮೆತ್ತಗಾಗಿ ಇನ್ನಷ್ಟು ಕೂದಲಿಗೆ ಹರಡತ್ತೆ.

ನಂಬಿಕೆ ಬರ್ದೇ ಇದ್ರೆ ಇವತ್ತೇ ನೋಡಿ: ಬಬಲ್‌ಗಮ್ ಅಗಿಯುವಾಗ ಒಂದು ತುಂಡು ಚಾಕೊಲೇಟ್ ಬಾಯಿಗೆ ಹಾಕ್ಕೊಳ್ಳಿ. ಗಮ್ ಪುಡಿಪುಡಿಯಾಗಿ ಹೋಗತ್ತೆ. ಚಾಕೊಲೇಟಿನ ಕೊಬ್ಬು ಅದನ್ನ ಬಿಡಿಸಿಬಿಡತ್ತೆ.

ಹಾಗಾಗಿ ಏನಾದ್ರೂ ಅಂಟಿದಾಗ ಮೊದಲ ಪ್ರಶ್ನೆ "ಯಾರು ಹೇಳಿದ್ದು ಅಲ್ಲಿಗೆ ಹೋಗೋಕೆ" ಅಲ್ಲ. ಮೊದಲ ಪ್ರಶ್ನೆ, ಅಂಟಿದ್ದು ನೀರಿನ ಪಾರ್ಟಿನಾ ಎಣ್ಣೆ ಪಾರ್ಟಿನಾ? ಜೋನಿಬೆಲ್ಲ, ಜೇನು, ಐಸ್‌ಕ್ಯಾಂಡಿ, ಜಾಮ್ ಎಲ್ಲಾ ನೀರಿನ ಪಾರ್ಟಿ. ಉಗುರುಬೆಚ್ಚಗಿನ ನೀರು ಸಾಕು, ಎಣ್ಣೆ ಹಾಕಿದ್ರೆ ಕೆಲಸ ಕೆಡತ್ತೆ. ಆಲೆಮನೆಗೆ ಹೋಗಿ ತಲೆಗೆ ಬೆಲ್ಲ ಮಾಡ್ಕೊಂಡ್ ಬಂದ ಹುಡುಗರಿಗೆ ಸ್ನಾನ ಮಾಡಿಸೋದೇ ಔಷಧ, ಇರುವೆ ಬರೋದರೊಳಗೆ. ಸ್ಕೂಲಲ್ಲಿ ಕ್ರಾಫ್ಟಿಗೆ ಬಳಸೋ ಬಿಳೀ ಗೋಂದೂ ನೀರಿನ ಪಾರ್ಟಿನೇ. ಒಣಗಿದ್ರೂ ಬೆಚ್ಚಗಿನ ನೀರಲ್ಲಿ ನೆನೆಸಿದ್ರೆ ಮೆತ್ತಗಾಗತ್ತೆ. ಈಗಿನ ಮಕ್ಕಳ ಸ್ಲೈಮ್ ಇದೆಯಲ್ಲ, ಅದು ಅದೇ ಗೋಂದಿಗೆ ಬೋರಾಕ್ಸ್ ಸೇರಿಸಿ ಗಟ್ಟಿ ಮಾಡಿದ್ದು. ಸ್ವಲ್ಪ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿದ್ರೆ ಆ ಬಂಧ ಬಿಟ್ಕೊಳ್ಳತ್ತೆ. ಕಣ್ಣಿಗೆ ಹೋಗದ ಹಾಗೆ, ಅಷ್ಟೇ.

ಮೇಣ, ಬಬಲ್‌ಗಮ್, ಸೈಕಲ್ ಚೈನಿನ ಗ್ರೀಸ್, ರಸ್ತೆ ಡಾಂಬರು, ಸ್ಟಿಕ್ಕರ್ ಅಂಟು, ಇವೆಲ್ಲ ಎಣ್ಣೆ ಪಾರ್ಟಿ.

5/10

ಇನ್ನು ರೀಲ್‌ಗಳ ವಿಷಯ. ಒಂದರಲ್ಲಿ ಪೀನಟ್ ಬಟರ್ ಹಚ್ತಾರೆ, ಇನ್ನೊಂದರಲ್ಲಿ ಮಯೋನೀಸ್. ಎರಡೂ ಕೆಲಸ ಮಾಡ್ತವೆ, ಸುಳ್ಳಲ್ಲ. ಆದ್ರೆ ಕೆಲಸ ಮಾಡೋದು ಅದರೊಳಗಿರೋ ಎಣ್ಣೆ. ಮಯೋನೀಸ್‌ನಲ್ಲಿ ಬಹುಪಾಲು ಎಣ್ಣೆನೇ ಇರೋದು. ಅಲ್ಲಿನವರ ಅಡುಗೆಮನೆಯಲ್ಲಿ ಕೈಗೆ ಸಿಗೋದು ಅದು, ಹಚ್ತಾರೆ. ನಮ್ಮ ಮನೆಯಲ್ಲಿ ಕನ್ನಡಿ ಪಕ್ಕ ಕೊಬ್ಬರಿ ಎಣ್ಣೆ ಬಾಟಲಿ ಇಟ್ಕೊಂಡು, ಪೀನಟ್ ಬಟರ್ ತರೋಕೆ ಪೇಟೆಗೆ ಹೋಗೋರನ್ನ ಏನನ್ನೋಣ? ಕೆಲವು ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಬೇರೆ ಇರತ್ತೆ.

ಬಬಲ್‌ಗಮ್ ದೊಡ್ಡ ಮುದ್ದೆಯಾಗಿದ್ರೆ ಐಸ್ ಟ್ರಿಕ್ ಒಳ್ಳೇದು. ಐಸನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಗಮ್ ಮೇಲೆ ಇಟ್ಟರೆ ಅದು ಗಟ್ಟಿಯಾಗಿ, ಪುಟ್ಟ ಪುಟ್ಟ ಚೂರಾಗಿ ಮುರಿಯತ್ತೆ. ದೊಡ್ಡದು ಹೋದ ಮೇಲೆ ಉಳಿದಿದ್ದಕ್ಕೆ ಎಣ್ಣೆ. ಬುಡದ ಹತ್ತಿರ ಇದ್ರೆ ಐಸ್ ಬೇಡ, ಮಗು ಚಳಿಗೆ ತಲೆ ಅಲ್ಲಾಡಿಸತ್ತೆ, ಗಮ್ ಇನ್ನೊಂದು ಕಡೆ ಅಂಟತ್ತೆ.

ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರತ್ತೆ. ಒಲೆ ಮೇಲೆ ಇಡಬೇಡಿ, ಅಂಗೈಯಲ್ಲಿ ಉಜ್ಜಿದ್ರೆ ಸಾಕು. ಇಲ್ಲಾ ಬಾಟಲಿನ ಬೆಚ್ಚಗಿನ ನೀರಲ್ಲಿ ಎರಡು ನಿಮಿಷ ಇಡಿ. ಕೊಬ್ಬರಿ ಎಣ್ಣೆನೇ ಆಗ್ಬೇಕು ಅಂತಿಲ್ಲ. ಉತ್ತರ ಕರ್ನಾಟಕದ ಗೆಳೆಯರು ಮನೇಲಿರೋ ಕುಸುಬಿ ಎಣ್ಣೆನೋ ಶೇಂಗಾ ಎಣ್ಣೆನೋ ಹಚ್ಚಿದ್ರೂ ನಡೆಯತ್ತೆ (ಮೇಲೆ ಹೇಳಿದ ಅಲರ್ಜಿ ಇಲ್ದೇ ಇದ್ರೆ). ಅಡುಗೆ ಎಣ್ಣೆ ಯಾವುದಾದ್ರೂ ಸರಿ. "ಅಡುಗೆ" ಅನ್ನೋ ಪದ ಗಮನಿಸಿ. ಬಾಯಿಗೆ ಹೋದ್ರೂ ತೊಂದರೆ ಇಲ್ಲದ ಎಣ್ಣೆ ಅಂತ ಅರ್ಥ.

6/10

ಈಗ ಜಗಳದ ವಿಷಯ. ಸೀಮೆಎಣ್ಣೆ.

ಮೇಣ ತೆಗೆಯೋಕೆ ಸೀಮೆಎಣ್ಣೆ ಎಷ್ಟು ಬೇಗ ಕೆಲಸ ಮಾಡತ್ತೆ ಅಂತ ನನಗೂ ಗೊತ್ತು. ಹಲಸು ಬಿಡಿಸಿದ ಮೇಲೆ ಕತ್ತಿ ಒರೆಸೋಕೆ ನಮ್ಮೂರಲ್ಲಿ ಅದನ್ನೇ ಬಳಸ್ತಿದ್ದದ್ದು. ಕತ್ತಿಗೆ ಹಚ್ಚಿ, ನನ್ನ ತಕರಾರಿಲ್ಲ. ಕತ್ತಿಗೆ ಚರ್ಮ ಇಲ್ಲ, ಮೂಗಿಲ್ಲ.

ಮಗುವಿನ ತಲೆಗೆ ಸುರಿದಾಗ ಏನಾಗತ್ತೆ ಅಂತ ನೋಡಿ. ನೆತ್ತಿಯ ಚರ್ಮ ಉರಿಯತ್ತೆ, ತುಂಬಾ ಹೊತ್ತು ಬಿಟ್ಟರೆ ಕೆಂಪಾಗಿ ಬೊಬ್ಬೆ ಬರೋದೂ ಉಂಟು. ಹಣೆಯಿಂದ ಇಳಿದರೆ ಕಣ್ಣು. ಬಾಯಿಗೆ ಹೋಗಿ ಕೆಮ್ಮಿದ್ರೆ ಇನ್ನೂ ಕಷ್ಟ. ಸೀಮೆಎಣ್ಣೆ ತುಂಬಾ ತೆಳು, ಹೊಟ್ಟೆಗೆ ಹೋಗೋ ಬದಲು ಶ್ವಾಸನಾಳಕ್ಕೆ ಜಾರತ್ತೆ, ಸ್ವಲ್ಪವೇ ಹೋದ್ರೂ ಶ್ವಾಸಕೋಶಕ್ಕೆ ಏಟು ಬೀಳತ್ತೆ. ನ್ಯುಮೋನಿಯಾ ಥರದ ಸ್ಥಿತಿ ಅದು.

ನಮ್ಮ ಕಡೆ ಇದಕ್ಕಿಂತ ಹೆದರಿಕೆಯ ಇನ್ನೊಂದು ವಿಷಯ ಇದೆ, ಅದನ್ನ ಯಾರೂ ಹೇಳಲ್ಲ. ಸೀಮೆಎಣ್ಣೆ ಹಚ್ಚಿದ ಮೇಲೆ ಮಗುವನ್ನ ಎಲ್ಲಿಗೆ ಕರ್ಕೊಂಡು ಹೋಗ್ತಾರೆ? ಸ್ನಾನಕ್ಕೆ, ಬಚ್ಚಲಿಗೆ. ಬಚ್ಚಲಲ್ಲಿ ಏನಿರತ್ತೆ? ಹಂಡೆ. ಹಂಡೆ ಕೆಳಗೆ? ಬೆಂಕಿ. ಎಷ್ಟೋ ಹಳೇ ಮನೆಗಳಲ್ಲಿ ಒಲೆಯ ಬಾಯಿ ಬಚ್ಚಲೊಳಗೇ ಇರತ್ತೆ, ಮಗು ಕೂರೋ ಕಲ್ಲಿನಿಂದ ಎರಡು ಮಾರು ದೂರವೂ ಇರಲ್ಲ. ಚಳಿ ಅಂತ ಮಗು ಒಲೆ ಮುಂದೆ ಹೋಗಿ ಕೂರತ್ತೆ. ಕೂದಲಲ್ಲಿ ಸೀಮೆಎಣ್ಣೆ.

ಇದನ್ನ ಬರೆಯುವಾಗ್ಲೇ ನನ್ನ ಕೈ ತಣ್ಣಗಾಗತ್ತೆ.

7/10

"ಅಜ್ಜಿ ಕಾಲದಿಂದ ಹಚ್ಕೊಂಡು ಬಂದಿದ್ದೀವಿ, ನಮಗೇನೂ ಆಗಿಲ್ಲ" ಅನ್ನೋರಿಗೆ ಎರಡು ಮಾತು. ಏನೂ ಆಗದವರು ಮಾತ್ರ ಈ ಮಾತು ಹೇಳೋಕೆ ಉಳಿದಿರ್ತಾರೆ. ಎರಡನೇದು, ಇದು ಅಜ್ಜಿಯ ಜ್ಞಾನವೇ ಅಲ್ಲ. ಹೆಸರಲ್ಲೇ ಇದೆ ನೋಡಿ. ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ, ಸೀಮೆಎಣ್ಣೆ. ಹೊರಗಿಂದ ಬಂದಿದ್ದಕ್ಕೆಲ್ಲ ನಾವು ಸೀಮೆ ಅಂತ ಸೇರಿಸ್ತಿದ್ವಿ. ದೀಪ ಉರಿಸೋಕೆ ಬಂದ ಎಣ್ಣೆ ಅದು. ಹಲಸು, ಮೇಣ, ಮಕ್ಕಳು ಅದಕ್ಕಿಂತ ಹಳಬರು. ಅದು ಬರೋಕೆ ಮುಂಚೆ ಮಕ್ಕಳ ತಲೆಗೆ ಮೇಣ ಅಂಟ್ತಾ ಇರ್ಲಿಲ್ವಾ? ತಲೆಗೆ ಹಚ್ಚೋ ಎಣ್ಣೆಯಿಂದಲೇ ಬಿಡಿಸ್ತಿದ್ರು, ಇನ್ನೇನು.

ಈಗ ಇನ್ನೊಂದು ಹೊಸ ಅಪಾಯ. ಸೀಮೆಎಣ್ಣೆ ಮೊದಲಿನ ಹಾಗೆ ಮನೆಮನೇಲಿ ಇಲ್ಲ. ಆದ್ರೆ ಅಭ್ಯಾಸ ಹೋಗಿಲ್ಲ. ಹಾಗಾಗಿ ಬೈಕಿಂದ ಪೆಟ್ರೋಲ್ ತೆಗೀತಾರೆ, ಪೇಂಟ್ ಕೆಲಸದಿಂದ ಉಳಿದ ಥಿನ್ನರ್ ತರ್ತಾರೆ. ಇದು ಸೀಮೆಎಣ್ಣೆಗಿಂತ ಕೆಟ್ಟದ್ದು. ಪೆಟ್ರೋಲಿನ ಆವಿಗೆ ಮಂಜುಗಡ್ಡೆಯಷ್ಟು ತಣ್ಣಗಿದ್ರೂ ಕಿಡಿ ತಗುಲಿದ್ರೆ ಹೊತ್ಕೊಳ್ಳತ್ತೆ. ಅದನ್ನ ಮಗುವಿನ ತಲೆಗೆ ಹಚ್ತೀವಿ ಅನ್ನೋರ ಕೈಯಿಂದ ಬಾಟಲಿ ಕಸಿದುಕೊಳ್ಳಿ, ವಯಸ್ಸಲ್ಲಿ ಎಷ್ಟೇ ದೊಡ್ಡೋರಾಗಿರ್ಲಿ. ಅದು ಅಗೌರವ ಅಲ್ಲ.

ಅಕಸ್ಮಾತ್ ಮಗು ಸೀಮೆಎಣ್ಣೆನೋ ಪೆಟ್ರೋಲೋ ಕುಡಿದುಬಿಟ್ರೆ, ವಾಂತಿ ಮಾತ್ರ ಮಾಡಿಸ್ಬೇಡಿ. ಬಾಯಿಗೆ ಬೆರಳು ಹಾಕೋದು, ಉಪ್ಪುನೀರು ಕುಡಿಸೋದು ಏನೂ ಬೇಡ. ಮೇಲಕ್ಕೆ ಬರುವಾಗ ಅದು ಶ್ವಾಸಕೋಶಕ್ಕೆ ಹೋಗೋ ಸಾಧ್ಯತೆ ಹೆಚ್ಚು. ಒದ್ದೆಯಾದ ಬಟ್ಟೆ ಬದಲಿಸಿ, ಬಾಟಲಿ ಜೊತೆ ತಗೊಂಡು ಸೀದಾ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ. ಮಗು ಚೆನ್ನಾಗೇ ಇದೆ ಅನ್ನಿಸಿದ್ರೂ ಹೋಗಿ, ಕೆಲವು ಸಲ ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಶುರುವಾಗತ್ತೆ.

8/10

ಸ್ವಲ್ಪ ಹಗುರ ಮಾಡೋಣ. ವ್ಯಾಸಲೀನ್.

ನಮ್ಮ ಅಕ್ಕನ ಮಗ, ಎರಡು ವರ್ಷದವನು, ಒಂದು ಡಬ್ಬಿ ವ್ಯಾಸಲೀನ್ ಪೂರ್ತಿ ತಲೆಗೆ ಬಳ್ಕೊಂಡು ಕನ್ನಡಿ ಮುಂದೆ ಖುಷಿಯಾಗಿ ಕೂತಿದ್ದ. ಅಮ್ಮ ಹೇರ್ ಕ್ರೀಮ್ ಹಚ್ಕೊಳ್ಳೋದನ್ನ ನೋಡಿದ್ದಾನೆ, ಪಾಪ. ಅಕ್ಕ ಮೂರು ಸಲ ಶಾಂಪೂ ಹಾಕಿದ್ಲು. ಮೂರು ಸಲನೂ ಕೂದಲು ಬಾತುಕೋಳಿ ರೆಕ್ಕೆ ಥರ, ನೀರು ಮುತ್ತಾಗಿ ಜಾರ್ತಿತ್ತು.

ಇಲ್ಲಿ ಅಂಟು ಬಿಡಿಸೋ ಸಮಸ್ಯೆ ಅಲ್ಲ, ಜಿಡ್ಡು ಹೀರೋ ಸಮಸ್ಯೆ. ನೀರು ಹಾಕೋ ಮೊದಲೇ ಒಣ ಬಟ್ಟೆಯಲ್ಲಿ ಎಷ್ಟಾಗತ್ತೋ ಅಷ್ಟು ಒರೆಸಿ ತೆಗೀಬೇಕು. ಆಮೇಲೆ ಕಡಲೆಹಿಟ್ಟೋ ಕಾರ್ನ್‌ಫ್ಲೋರೋ ಒಣದಾಗೇ ಹಚ್ಚಿ, ಬೆರಳಲ್ಲಿ ಉಜ್ಜಿ, ಬಾಚಬೇಕು. ಹಿಟ್ಟು ಜಿಡ್ಡನ್ನ ಹಿಡ್ಕೊಂಡು ಉದುರತ್ತೆ. ಮುಖದ ಪೌಡರ್ ಸುರೀಬೇಡಿ, ಆ ಧೂಳು ಚಿಕ್ಕ ಮಕ್ಕಳ ಶ್ವಾಸಕೋಶಕ್ಕೆ ಒಳ್ಳೇದಲ್ಲ. ಹಿಟ್ಟನ್ನೂ ಮೋಡ ಏಳೋ ಹಾಗೆ ಎರಚಬೇಡಿ, ಕೈಯಲ್ಲಿ ತಗೊಂಡು ಹಚ್ಚಿ.

ಆಮೇಲೆ ಶಾಂಪೂ. ಒದ್ದೆ ಕೂದಲಿಗಲ್ಲ, ಒಣ ಕೂದಲಿಗೇ. ಜಿಡ್ಡಿನ ಮೇಲೆ ನೇರವಾಗಿ ಶಾಂಪೂ ಉಜ್ಜಿ, ಆಮೇಲೆ ಚೂರು ಚೂರೇ ನೀರು. ಹಲಸಿನ ಮೇಣಕ್ಕೆ ಹಾಕಿದ ಎಣ್ಣೆ ತೆಗೆಯೋಕೂ ಇದೇ ಕ್ರಮ. ನಮ್ಮ ಹಳಬರು ದೀಪಾವಳಿಗೆ ಹರಳೆಣ್ಣೆ ಸುರಿದು ಎಣ್ಣೆಸ್ನಾನ ಮಾಡಿಸಿ, ಆ ಗಟ್ಟಿ ಜಿಡ್ಡನ್ನ ಸೀಗೆಪುಡಿ, ಅಂಟುವಾಳ, ಕಡಲೆಹಿಟ್ಟಲ್ಲಿ ತೆಗೀತಿದ್ರಲ್ಲ, ಅದು ಇದೇ ಲೆಕ್ಕಾಚಾರ. ಸೀಗೆ, ಅಂಟುವಾಳ ಎರಡರಲ್ಲೂ ನೊರೆ ಬರಿಸೋ ಸಪೋನಿನ್ ಇದೆ. ಸೀಗೆ ಕಣ್ಣಿಗೆ ಹೋದ್ರೆ ಎಷ್ಟು ಉರಿಯತ್ತೆ ಅಂತ ನಿಮಗೆಲ್ಲಾ ನೆನಪಿರಬೇಕು, ಚಿಕ್ಕ ಮಕ್ಕಳಿಗೆ ಶಾಂಪೂನೇ ಸಾಕು.

ಒಂದೇ ದಿನಕ್ಕೆ ಪೂರ್ತಿ ಹೋಗಲ್ಲ. ಮೂರು ದಿನ ತಲೆ ಜಿಡ್ಡಾಗಿದ್ರೆ ಏನಾಯ್ತು? ನಾವೆಲ್ಲಾ ಪ್ರೈಮರಿ ಸ್ಕೂಲಿಗೆ ಹಣೆ ಮೇಲೆ ಎಣ್ಣೆ ಇಳಿಸ್ಕೊಂಡೇ ಹೋಗಿದ್ದು.

9/10

ಕತ್ತರಿ ಮೇಲೆ ನನಗ್ಯಾಕೆ ಇಷ್ಟು ಸಿಟ್ಟು ಅಂತ ಹೇಳ್ತೀನಿ.

ನಾನು ಮೂರನೇ ಕ್ಲಾಸಲ್ಲಿದ್ದಾಗ ಒಬ್ಬ ಹುಡುಗನ ತಲೆಗೆ ಹಿಂದಿನ ಬೆಂಚಿನವರು ಬಬಲ್‌ಗಮ್ ಅಂಟಿಸಿದ್ರು. ಟೀಚರ್ ಅಂಟಿಸಿದವರನ್ನ ಹುಡುಕಲಿಲ್ಲ. ಆಫೀಸ್ ರೂಮಿಂದ ಕತ್ತರಿ ತರಿಸಿ, ಬೋರ್ಡ್ ಮುಂದೆ ನಿಲ್ಲಿಸಿ, ಎಲ್ಲರ ಎದುರು ಬುಡದವರೆಗೆ ಕತ್ತರಿಸಿದ್ರು. ನೆತ್ತಿ ಮೇಲೆ ಒಂದು ಬಿಳೀ ಗುಂಡಿ. ಕ್ಲಾಸೆಲ್ಲಾ ನಕ್ಕಿತು. ಮರುದಿನ ಅವರಪ್ಪ ಪೂರ್ತಿ ಬೋಳಿಸಿ ಕಳಿಸಿದ್ರು. ಏಳನೇ ಕ್ಲಾಸಿನವರೆಗೂ ಅವನನ್ನ ಹೆಸರು ಹಿಡಿದು ಕರೆದವರು ಕಡಿಮೆ, "ಗಮ್" ಅಂತಲೇ. ಅವನಿಗೆ ಏನೋ ಮಾಡಲಾಯ್ತು, ಶಿಕ್ಷೆಯೂ ಅವನಿಗೇ ಆಯ್ತು.

ಹುಡುಗ ಅಂದ್ರೆ "ಬೋಳಿಸಿ ಬಿಡಿ, ಗಂಡುಮಗು ತಾನೇ" ಅಂತಾರೆ, ಅವನಿಗೆ ಕೂದಲಿನ ಮೇಲೆ ಆಸೆ ಇರಬಾರದು ಅನ್ನೋ ಹಾಗೆ. ಹುಡುಗಿ ಅಂದ್ರೆ ಕೂದಲು ಉಳಿಸ್ತಾರೆ, ಮಾತಲ್ಲಿ ಕತ್ತರಿಸ್ತಾರೆ: "ಬಿಟ್ಕೊಂಡು ಮೆರೀಬೇಡ ಅಂದಿದ್ದೆ." ಎರಡರಲ್ಲೂ ಆ ಕೂದಲು ಯಾರದ್ದು ಅನ್ನೋ ಪ್ರಶ್ನೆ ಬರೋದೇ ಇಲ್ಲ. ದೊಡ್ಡೋರ ತಲೆಗೆ ಯಾರಾದ್ರೂ ಹೇಳ್ದೇ ಕೇಳ್ದೇ ಕತ್ತರಿ ಹಾಕಿದ್ರೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತೀವಿ. ಮೂರು ವರ್ಷದವರ ತಲೆಗೆ ಹಾಕಿದ್ರೆ ರೀಲ್ ಮಾಡ್ತೀವಿ.

ಹೌದು, ಫೋನಿನ ವಿಷಯಕ್ಕೇ ಬಂದೆ. ಆ ಹುಡುಗನ್ನ ನೋಡಿ ನಕ್ಕಿದ್ದು ಒಂದು ಕ್ಲಾಸು. ಇವತ್ತು ಅಳ್ತಿರೋ ಮಗುವಿನ ವಿಡಿಯೋ ಎಷ್ಟು ಜನರ ಫೋನಿಗೆ ಹೋಗತ್ತೆ ಅಂತ ಹಾಕಿದವರಿಗೇ ಗೊತ್ತಿರಲ್ಲ. ಮಗು ಹೈಸ್ಕೂಲಿಗೆ ಬರುವಾಗ ಅದು ಎಲ್ಲೋ ಇದ್ದೇ ಇರತ್ತೆ, ಯಾರೋ ಒಬ್ಬ ಕ್ಲಾಸ್‌ಮೇಟ್ ಹುಡುಕಿ ತೆಗೀತಾನೆ. "ಕ್ಯೂಟ್ ಆಗಿತ್ತು ಅಂತ ಹಾಕಿದೆ" ಅಂತೀರಿ. ಅಳೋದು ಅಳೋರಿಗೆ ಕ್ಯೂಟ್ ಅಲ್ಲ. ಅದೂ ಅಲ್ದೇ, ಒಂದು ಕೈಯಲ್ಲಿ ಫೋನ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಮೇಣ ತೆಗೆಯೋಕೆ ಆಗಲ್ಲ, ಎರಡೂ ಕೈ ಬೇಕು. ನಿಮಗೇನಾದ್ರೂ ಶೂಟ್ ಮಾಡ್ಲೇಬೇಕು ಅನ್ನಿಸಿದ್ರೆ ಎಣ್ಣೆ ಬಟ್ಟಲು, ಬಟ್ಟೆ, ನಿಮ್ಮ ಬೆರಳು ತೋರಿಸಿ. ಮಗುವಿನ ಮುಖ ಬೇಡ. ಆ ವಿಡಿಯೋ ನೋಡಿದವರಿಗೆ ಉಪಯೋಗನೂ ಆಗತ್ತೆ.

10/10

ಕತ್ತರಿ ಬೇಕೇ ಬೇಕಾಗೋ ಒಂದು ಸಂದರ್ಭ ಇದೆ, ಅದನ್ನೂ ಹೇಳದೇ ಹೋದ್ರೆ ಅನ್ಯಾಯ. ಫೆವಿಕ್ವಿಕ್ ಥರದ ಸೂಪರ್ ಗ್ಲೂ. ಇದು ನೀರಿನ ಪಾರ್ಟಿನೂ ಅಲ್ಲ, ಎಣ್ಣೆ ಪಾರ್ಟಿನೂ ಅಲ್ಲ, ಕ್ಷಣದಲ್ಲಿ ಗಟ್ಟಿಯಾಗಿ ಪ್ಲಾಸ್ಟಿಕ್ ಆಗಿಬಿಡತ್ತೆ. ಎಳೀಬೇಡಿ. ಹತ್ತಿಯಿಂದ ಒರೆಸೋಕೂ ಹೋಗ್ಬೇಡಿ, ಹತ್ತಿಗೆ ತಗುಲಿದ್ರೆ ಅದು ಸುಡುವಷ್ಟು ಬಿಸಿಯಾಗತ್ತೆ. ನೇಲ್‌ಪಾಲಿಶ್ ರಿಮೂವರ್‌ನಲ್ಲಿರೋ ಅಸಿಟೋನ್ ಇದನ್ನ ಮೆತ್ತಗೆ ಮಾಡತ್ತೆ ನಿಜ, ಆದ್ರೆ ಮಗುವಿನ ತಲೆ ಹತ್ತಿರ, ಕಣ್ಣಿನ ಹತ್ತಿರ ಅದನ್ನ ತರೋ ಧೈರ್ಯ ನನಗಿಲ್ಲ, ನಿಮಗೂ ಬೇಡ. ಚರ್ಮಕ್ಕೆ ಅಂಟಿದ್ದನ್ನ ಬೆಚ್ಚಗಿನ ಸೋಪುನೀರಲ್ಲಿ ನೆನೆಸಿ ಬಿಟ್ಟುಬಿಡಿ, ಕೆಲವು ದಿನದಲ್ಲಿ ಚರ್ಮದ ಮೇಲ್ಪದರದ ಜೊತೆ ತಾನೇ ಉದುರತ್ತೆ. ರೆಪ್ಪೆಗೋ ಕಣ್ಣಿಗೋ ಆಗಿದ್ರೆ ಮನೇಲಿ ಏನೂ ಮಾಡಬೇಡಿ, ಡಾಕ್ಟರ್ ಹತ್ರ ಹೋಗಿ.

ಕೂದಲಲ್ಲಿ ಗಂಟಾಗಿದ್ರೆ ಅಲ್ಲಿ ಕತ್ತರಿಗೆ ನನ್ನ ಒಪ್ಪಿಗೆ ಇದೆ. ಆದ್ರೆ ಮೊದಲು ಮಗುವಿನ ಒಪ್ಪಿಗೆ. "ಇಷ್ಟೇ ಇಷ್ಟು ಕತ್ತರಿಸ್ತೀನಿ" ಅಂತ ಬೆರಳಲ್ಲಿ ತೋರಿಸಿ, ಕನ್ನಡಿ ಕೈಗೆ ಕೊಡಿ. ಬೇಡ ಅಂದ್ರೆ ನಾಳೆ ನೋಡೋಣ ಅನ್ನಿ, ಕೂದಲಿನ ಗಂಟು ಒಂದು ದಿನ ಇದ್ರೆ ಏನೂ ಆಗಲ್ಲ. ಕತ್ತರಿಸುವಾಗ ಅಡ್ಡಕ್ಕೆ ಒಂದೇ ಏಟು ಬೇಡ. ಗಂಟಿನೊಳಗೆ ಕತ್ತರಿಯ ತುದಿಯನ್ನ ಕೂದಲಿನ ಉದ್ದಕ್ಕೆ ಹಿಡಿದು, ಗಂಟನ್ನೇ ಎರಡು ಮೂರು ಸೀಳು ಮಾಡಿದ್ರೆ ಎಷ್ಟೋ ಎಳೆ ಉಳಿಯತ್ತೆ. ಮಗು ತಲೆ ತಿರುಗಿಸಬಹುದು, ಅದಕ್ಕೇ ಕತ್ತರಿ ಮತ್ತು ನೆತ್ತಿ ನಡುವೆ ನಿಮ್ಮ ಬೆರಳು ಇರಲಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯತ್ತೆ. ನಾಲ್ಕು ಬೆರಳು ಕತ್ತರಿಸಿದ್ರೆ ಆರೇಳು ತಿಂಗಳು ಅಂತ ಲೆಕ್ಕ ಹಾಕಿ ಮಗುವಿಗೇ ಹೇಳಿ. "ಮತ್ತೆ ಬೆಳೆಯತ್ತೆ ಬಿಡು" ಅನ್ನೋದಕ್ಕಿಂತ "ಗೌರಿ ಹಬ್ಬದ ಹೊತ್ತಿಗೆ ಇಲ್ಲಿವರೆಗೆ ಬರತ್ತೆ" ಅಂದ್ರೆ ಅದಕ್ಕೆ ಅರ್ಥ ಆಗತ್ತೆ.

ಕತ್ತರಿಸಿದ ಆ ಎಳೆ ಬೇಕು ಅಂದ್ರೆ ಕೊಟ್ಟುಬಿಡಿ, ಅದು ಅವಳದ್ದೇ.

ಹೇನಿಗೂ ಸೀಮೆಎಣ್ಣೆ ಹಾಕ್ತಾರಲ್ಲ ಅಂತ ಕೇಳೋಕೆ ಹೊರಟವರು ಮುಂದಿನ ಭಾನುವಾರದವರೆಗೆ ತಡ್ಕೊಳ್ಳಿ, ಅದಕ್ಕೆ ಬೇರೆ ಸರಣಿನೇ ಬೇಕು. ಅಲ್ಲಿವರೆಗೆ ನಿಮ್ಮೂರಲ್ಲಿ ಮೇಣಕ್ಕೆ ಏನಂತಾರೆ, ಯಾವ ಎಣ್ಣೆ ಹಚ್ತಾರೆ ಅಂತ ಬರೀರಿ.

#ಹಲಸಿನಮೇಣ #ಕತ್ತರಿಕೊನೆಗೆ #ಭಾನುವಾರದಸರಣಿ #ಮಲೆನಾಡು